ಮೇಜರ್ ಜನರಲ್ ಖಂಡೂರಿ: ಸೇನೆಯಿಂದ ರಸ್ತೆ ಖಾತೆಗೆ ಬಂದವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಬಿ.ಎಚ್. ರೋಡಿಗೆ ಹತ್ತಿರದ ಒಂದು ಮಹಡಿ ಕೋಣೆಯಲ್ಲಿ ಸಂಜೆ ಹೊತ್ತು ಪರೀಕ್ಷೆಗೆ ಓದುವ ಮಕ್ಕಳಿಗೆ ಸಾಮಾನ್ಯ ಜ್ಞಾನ ಹೇಳಿಕೊಡುತ್ತೇನೆ. ಕೆಲವರಿಗೆ ಪೊಲೀಸ್ ಕೆಲಸ ಬೇಕು, ಕೆಲವರಿಗೆ ಪಂಚಾಯಿತಿ ಕೆಲಸ, ನಾಲ್ಕೈದು ಜನಕ್ಕೆ ಸೇನೆ. ಒಂದು ದಿನ ಹೆದ್ದಾರಿ ಪಾಠದ ಮಧ್ಯೆ ಖಂಡೂರಿ ಹೆಸರು ಬಂತು. ಪಾಠ ಅಲ್ಲಿಗೇ ನಿಂತಿತು. ಪ್ರತಿ ಹೊಸ ಬ್ಯಾಚೂ ಅವೇ ಪ್ರಶ್ನೆ ಕೇಳುತ್ತದೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಯಾರು ಸರ್ ಇವರು?

ಭುವನ್ ಚಂದ್ರ ಖಂಡೂರಿ. ಹುಟ್ಟಿದ್ದು 1934ರ ಅಕ್ಟೋಬರ್ 1ರಂದು, ಡೆಹ್ರಾಡೂನ್‌ನಲ್ಲಿ. ಗಢವಾಲದ ಮನೆತನ, ಅಂದರೆ ಈಗಿನ ಉತ್ತರಾಖಂಡದ ಗುಡ್ಡಗಾಡು ಸೀಮೆ. 1954ರಲ್ಲಿ ಸೇನೆಯ ಎಂಜಿನಿಯರ್ ವಿಭಾಗ ಸೇರಿದರು. 1971ರ ಯುದ್ಧದಲ್ಲಿ ರೆಜಿಮೆಂಟ್ ಕಮಾಂಡರ್ ಆಗಿದ್ದರು. ಮೇಜರ್ ಜನರಲ್ ಆಗಿ ನಿವೃತ್ತರಾದರು. ಎದೆಯ ಮೇಲೆ ಅತಿ ವಿಶಿಷ್ಟ ಸೇವಾ ಪದಕ. 1991ರಲ್ಲಿ ಗಢವಾಲ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದರು. ವಾಜಪೇಯಿ ಸರ್ಕಾರದಲ್ಲಿ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಮಂತ್ರಿಯಾದರು. ಆಮೇಲೆ ಎರಡು ಸಲ ಉತ್ತರಾಖಂಡದ ಮುಖ್ಯಮಂತ್ರಿ.

ಎರಡು ಅಂಕದ ಪ್ರಶ್ನೆಗೆ ಇಷ್ಟು ಬರೆದರೆ ಸಾಕು. ಇದಕ್ಕಿಂತ ಜಾಸ್ತಿ ಬೇಕು ಅನ್ನುವವರು ಮುಂದೆ ಓದಿ.

ಅಷ್ಟು ದೂರದ ಗಢವಾಲದವರ ಕಥೆ ಮಲೆನಾಡಿನವರಿಗೆ ಯಾಕೆ?

ಇದನ್ನು ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಕೇಳಿದ. ನಾನು ತಿರುಗಿಸಿ ಕೇಳಿದೆ: ಮಳೆಗಾಲದಲ್ಲಿ ನಿಮ್ಮೂರಿಗೆ ಬಸ್ಸು ಬರುತ್ತಾ? ಸುಮ್ನೆ ನಕ್ಕ.

ಗುಡ್ಡದ ಊರಿನ ಪಾಡು ಎಲ್ಲಿ ಹೋದರೂ ಒಂದೇ. ಅಲ್ಲಿ ಬೆಟ್ಟ ಜಾರುತ್ತದೆ, ಇಲ್ಲಿ ಧರೆ ಕುಸಿಯುತ್ತದೆ. ಅಲ್ಲಿ ಹೊಳೆಗೆ ತೂಗುಸೇತುವೆ, ಇಲ್ಲಿ ಅಡಿಕೆ ಮರ ಹಾಕಿದ ಕಾಲುಸಂಕ. ಆಗುಂಬೆ ಘಾಟಿ ಬಂದ್ ಆದರೆ ಉಡುಪಿ, ಮಣಿಪಾಲದ ಆಸ್ಪತ್ರೆಗೆ ಹೋಗಬೇಕಾದವರು ಸುತ್ತು ಹಾಕಬೇಕು. ಅಲ್ಲೂ ಹಾಗೇ.

ಇನ್ನೊಂದು ಹೋಲಿಕೆ ಇದೆ. ಗಢವಾಲದ ಗಂಡಸರು ಸೇನೆಗೋ ಬಯಲು ಸೀಮೆಯ ಕೆಲಸಕ್ಕೋ ಇಳಿದು ಹೋಗುತ್ತಾರೆ. ಊರಲ್ಲಿ ಉಳಿಯುವವರು ವಯಸ್ಸಾದವರು. ಹೊರಗೆ ಹೋದವರು ಕಳಿಸಿದ ಮನಿ ಆರ್ಡರಿನ ಮೇಲೆ ಒಂದು ಕಾಲಕ್ಕೆ ಅಲ್ಲಿನ ಮನೆಗಳು ನಡೆಯುತ್ತಿದ್ದವು. ನಮ್ಮ ಮಕ್ಕಳು ಹೋಗುವುದು ಬೆಂಗಳೂರಿಗೆ, ಅಷ್ಟೇ ವ್ಯತ್ಯಾಸ. ಹೊಸನಗರದ ಕಡೆ ಒಂದು ಸುತ್ತು ಹೋಗಿ ಬನ್ನಿ. ದೊಡ್ಡ ತೊಟ್ಟಿಮನೆ, ಒಳಗೆ ಇಬ್ಬರೇ ಮುದುಕರು.

ಹಾಗೆ ಊರು ಬಿಟ್ಟ ಒಬ್ಬ ಸೈನಿಕ ದೇಶದ ರಸ್ತೆಯ ಕೀಲಿಕೈ ಹಿಡಿದರೆ ಏನಾಗುತ್ತದೆ ಅನ್ನುವುದು ನನಗೆ ಕುತೂಹಲ.

ಎಂಜಿನಿಯರ್ ವಿಭಾಗ ಅಂದರೆ ಕಚೇರಿ ಕೆಲಸ ಅಲ್ವಾ? ಅವರು ಯುದ್ಧ ಮಾಡುತ್ತಾರಾ?

ಈ ಪ್ರಶ್ನೆ ಕೇಳಿದವರನ್ನೆಲ್ಲ ಕಾರವಾರಕ್ಕೆ ಕಳಿಸಬೇಕು ಅನಿಸುತ್ತದೆ. ರಾಮ ರಾಘೋಬ ರಾಣೆ ಕಾರವಾರದ ಹತ್ತಿರದ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ನಮ್ಮ ಟ್ಯಾಂಕುಗಳು ಹೋಗಬೇಕಿತ್ತು. ದಾರಿಯಲ್ಲಿ ನೆಲಬಾಂಬು, ಕಡಿದು ಕೆಡವಿದ ಮರಗಳು, ಒಡೆದ ಸೇತುವೆಗಳು. ಮೇಲಿನಿಂದ ಗುಂಡಿನ ಮಳೆ. ರಾಣೆ ಗಾಯವಾದರೂ ಹಿಂದೆ ಬರಲಿಲ್ಲ. ದಿನಗಟ್ಟಲೆ ಒಂದೊಂದೇ ಅಡ್ಡಿ ತೆಗೆದು ದಾರಿ ಮಾಡಿಕೊಟ್ಟರು. ಪರಮವೀರ ಚಕ್ರ ಬಂದದ್ದು ಆ ಕೆಲಸಕ್ಕೆ. ಅವರೂ ಎಂಜಿನಿಯರ್ ವಿಭಾಗದವರೇ.

ಸೇನೆಯಲ್ಲಿ ಇವರನ್ನು ಸ್ಯಾಪರ್ ಎನ್ನುತ್ತಾರೆ. ಸೈನ್ಯ ಮುಂದೆ ಹೋಗಬೇಕಾದರೆ ಸ್ಯಾಪರ್ ಅದಕ್ಕೂ ಮುಂದೆ ಹೋಗಿರಬೇಕು. ಹೊಳೆಗೆ ಸೇತುವೆ ಹಾಕುವುದು, ಬಾಂಬು ಕೀಳುವುದು, ಹಿಂದೆ ಸರಿಯುವಾಗ ಅದೇ ಸೇತುವೆ ಒಡೆಯುವುದು, ಎಲ್ಲ ಇವರ ಪಾಲಿಗೆ. ಕರ್ನಾಟಕದ ಹುಡುಗರಿಗೆ ಹೆಚ್ಚು ಪರಿಚಯ ಇರುವುದು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಹಲಸೂರು ಕೆರೆಯ ಪಕ್ಕದ್ದು. ಇದರ ಮೂಲ 1780ಕ್ಕೆ ಹೋಗುತ್ತದೆ. ಅಲ್ಲಿನ ಸೈನಿಕರಿಗೆ ಪ್ರೀತಿಯಿಂದ ತಂಬಿ ಅನ್ನುತ್ತಾರೆ. ಸೇನೆಯ ಎಂಜಿನಿಯರುಗಳ ಧ್ಯೇಯವಾಕ್ಯ ಒಂದೇ ಶಬ್ದ: ಸರ್ವತ್ರ.

ಖಂಡೂರಿ ಈ ವಿಭಾಗದಲ್ಲಿ ಮೂರೂವರೆ ದಶಕ ಕಳೆದರು. ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದರು, ಮೇಲೆ ಮೇಲೆ ಹೋಗುತ್ತ ಮುಖ್ಯ ಎಂಜಿನಿಯರ್ ಹುದ್ದೆಯನ್ನೂ ನೋಡಿದರು. ಹಾಗಾಗಿ ರಸ್ತೆ ಖಾತೆ ಕೈಗೆ ಬಂದಾಗ ಜಲ್ಲಿ, ಡಾಂಬರು, ಅಳತೆ, ಗಡುವು ಯಾವುದೂ ಅವರಿಗೆ ಹೊಸದಲ್ಲ.

ಅವರ ಪದಕ ಶೌರ್ಯಕ್ಕೆ ಬಂದದ್ದಾ?

ಅಲ್ಲ. ಇಲ್ಲಿ ತುಂಬ ಜನ ತಪ್ಪುತ್ತಾರೆ, ಪತ್ರಿಕೆಗಳೂ ತಪ್ಪಿದ್ದುಂಟು.

ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಮೂರೂ ಶತ್ರುವಿನ ಎದುರು ತೋರಿಸಿದ ಶೌರ್ಯಕ್ಕೆ. ಅತಿ ವಿಶಿಷ್ಟ ಸೇವಾ ಪದಕ ಹಾಗಲ್ಲ. ಅದು ಉನ್ನತ ದರ್ಜೆಯ ಸೇವೆಗೆ ಕೊಡುವಂಥದ್ದು. 1960ರಲ್ಲಿ ವಿಶಿಷ್ಟ ಸೇವಾ ಪದಕ ಅಂತ ಒಂದನೇ, ಎರಡನೇ, ಮೂರನೇ ದರ್ಜೆಯಾಗಿ ಶುರುವಾಯಿತು. 1967ರಲ್ಲಿ ಹೆಸರು ಬದಲಾಯಿತು: ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ. ಚಿನ್ನದ ಬಣ್ಣದ ಪಟ್ಟಿಯ ಮೇಲೆ ಕಡುನೀಲಿ ಗೆರೆ ಎಣಿಸಿದರೆ ಯಾವುದು ಅಂತ ಗೊತ್ತಾಗುತ್ತದೆ. ಒಂದು ಗೆರೆ ಪರಮ, ಎರಡು ಅತಿ, ಮೂರು ಬರೀ ವಿಶಿಷ್ಟ. ಗೆರೆ ಜಾಸ್ತಿಯಾದಷ್ಟೂ ದರ್ಜೆ ಕಡಿಮೆ. ನಮ್ಮ ಹುಡುಗರು ಇದನ್ನು ಉಲ್ಟಾ ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಶೌರ್ಯದ ಪದಕ ಅಲ್ಲ ಅಂದ ಮಾತ್ರಕ್ಕೆ ಅದು ಸಣ್ಣದೂ ಅಲ್ಲ. ಯುದ್ಧಕ್ಕೆ ಹೋಗಿದ್ದು ಬೇರೆ, ಪದಕ ಬೇರೆ. ಎರಡೂ ಅವರ ಪಾಲಿಗೆ ಇತ್ತು.

ಪದವಿ, ಬಿರುದು ಯಾವುದೂ ಇರಬಾರದು ಅಂತ ಸಂವಿಧಾನದಲ್ಲಿ ಇದೆಯಲ್ಲ? ಮಂತ್ರಿಯಾದ ಮೇಲೂ ಹೆಸರಿನ ಹಿಂದೆ ಮೇಜರ್ ಜನರಲ್ ಹೇಗೆ?

18ನೇ ವಿಧಿ. ಸರ್ಕಾರ ಬಿರುದು ಕೊಡಬಾರದು ಅನ್ನುತ್ತದೆ, ಆದರೆ ಸೇನೆಯ ಮತ್ತು ವಿದ್ಯೆಯ ಗೌರವಗಳನ್ನು ಬಿಟ್ಟು. ಆದ್ದರಿಂದ ಮೇಜರ್ ಜನರಲ್ಲೂ ಇರಬಹುದು, ಡಾಕ್ಟರೂ ಇರಬಹುದು, ರಾವ್ ಬಹದ್ದೂರ್ ಇರುವಂತಿಲ್ಲ. ನಿವೃತ್ತ ಅಧಿಕಾರಿಗಳು ಹೆಸರಿನ ಜೊತೆ (ನಿವೃತ್ತ) ಅಂತ ಸೇರಿಸಿಕೊಳ್ಳಬೇಕು. ಸಮವಸ್ತ್ರ ಹಾಕಿಕೊಂಡು ಮತ ಕೇಳಲು ಹೋಗುವಂತಿಲ್ಲ.

ಸೇನೆಯಲ್ಲಿ ಇರುವಾಗಲೇ ಚುನಾವಣೆಗೆ ನಿಲ್ಲಬಹುದಾ?

ಇಲ್ಲ. ಸೈನಿಕರು ರಾಜಕೀಯ ಪಕ್ಷ ಸೇರುವಂತಿಲ್ಲ, ರಾಜಕೀಯ ಸಭೆಗೆ ಹೋಗುವಂತಿಲ್ಲ. ಮತ ಹಾಕಬಹುದು. ಅದಕ್ಕೆ ಸೇವಾ ಮತದಾರರು ಅಂತ ಪ್ರತ್ಯೇಕ ಪಟ್ಟಿ, ಅಂಚೆ ಮತಪತ್ರ ಇದೆ. ನಿವೃತ್ತಿ ಆದ ಮೇಲೆ ಎಲ್ಲರಂತೆ ಅವರೂ. ಪಿಂಚಣಿ ಹಳೆಯ ಸೇವೆಗೆ ಸೇರಿದ್ದು, ಮಂತ್ರಿಯಾದರೂ ಅದು ನಿಲ್ಲುವುದಿಲ್ಲ.

ಅವರ ಮನೆಯಲ್ಲಿ ಮೊದಲೇ ರಾಜಕೀಯ ಇತ್ತಾ?

ಇತ್ತು. ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಹೇಮವತಿ ನಂದನ್ ಬಹುಗುಣ ಅವರ ಸೋದರಮಾವ. ಬಹುಗುಣ ಕಾಂಗ್ರೆಸ್ಸಿನಿಂದ ಬಂದ ಮನುಷ್ಯ, ಅಳಿಯ ಹೋಗಿದ್ದು ಬಿಜೆಪಿಗೆ. ಮುಂದೆ ಖಂಡೂರಿಯವರ ಮಗಳು ರಿತು 2022ರಲ್ಲಿ ಉತ್ತರಾಖಂಡ ವಿಧಾನಸಭೆಯ ಸಭಾಧ್ಯಕ್ಷರಾದರು. ಮಗ ಮನೀಶ್ 2019ರಲ್ಲಿ ಕಾಂಗ್ರೆಸ್ ಸೇರಿ, ಅಪ್ಪನ ಹಳೆಯ ಕ್ಷೇತ್ರದಲ್ಲೇ ನಿಂತು ಸೋತರು. ಕೆಲವು ವರ್ಷದ ನಂತರ ಬಿಜೆಪಿಗೆ ಬಂದರು. ಒಂದೇ ಮನೆಯಲ್ಲಿ ಎರಡು ಬಾವುಟ ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ ಬಿಡಿ.

ಮಂತ್ರಿಯಾಗಿ ನಿಜವಾಗಿ ಮಾಡಿದ್ದೇನು?

ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

2000ದ ನವೆಂಬರ್ 7ರಂದು ಅವರು ಕೇಂದ್ರದಲ್ಲಿ ರಾಜ್ಯ ಮಂತ್ರಿಯಾಗಿ (ಸಂಪುಟ ಮಂತ್ರಿಗಿಂತ ಕೆಳಗಿನ ದರ್ಜೆ) ರಸ್ತೆ ಖಾತೆಯ ಸ್ವತಂತ್ರ ಹೊಣೆ ವಹಿಸಿಕೊಂಡರು. ಎರಡು ದಿನ ಕಳೆದು, ನವೆಂಬರ್ 9ಕ್ಕೆ, ಅವರ ಗುಡ್ಡಗಾಡು ಉತ್ತರಾಂಚಲ (ಈಗಿನ ಉತ್ತರಾಖಂಡ) ಅನ್ನುವ ಹೆಸರಿನಲ್ಲಿ ಹೊಸ ರಾಜ್ಯವಾಯಿತು. ಊರಿನವರಿಗೆ ಆ ವಾರ ಎರಡೆರಡು ಹಬ್ಬ. 2003ರ ಮೇ ತಿಂಗಳಲ್ಲಿ ಅವರಿಗೆ ಸಂಪುಟ ದರ್ಜೆ ಸಿಕ್ಕಿತು. 2004ರ ಮೇನಲ್ಲಿ ಸರ್ಕಾರ ಸೋಲುವ ತನಕ ಅದೇ ಖಾತೆ. ಮೂರೂವರೆ ವರ್ಷ ಒಂದೇ ಕುರ್ಚಿ. ನಮ್ಮ ದೇಶದಲ್ಲಿ ಇದೇ ಒಂದು ಸುದ್ದಿ.

ಅವರ ಕೈಗೆ ಬಂದದ್ದು ಸುವರ್ಣ ಚತುಷ್ಪಥ. ದೆಹಲಿ, ಕೋಲ್ಕತ್ತ, ಚೆನ್ನೈ, ಮುಂಬೈ ಸೇರಿಸುವ ನಾಲ್ಕು ಪಥದ ಹೆದ್ದಾರಿ. ಒಟ್ಟು 5,846 ಕಿಲೋಮೀಟರ್. ದೆಹಲಿ–ಕೋಲ್ಕತ್ತ 1,453, ಕೋಲ್ಕತ್ತ–ಚೆನ್ನೈ 1,684, ಚೆನ್ನೈ–ಮುಂಬೈ 1,290, ಮುಂಬೈ–ದೆಹಲಿ 1,419. ಕೂಡಿಸಿ ನೋಡಿ, ಲೆಕ್ಕ ಸರಿ ಬರುತ್ತದೆ. ಯೋಜನೆ ಘೋಷಣೆಯಾಗಿದ್ದು ಅವರು ಮಂತ್ರಿಯಾಗುವ ಮೊದಲೇ. ನೆಲದ ಮೇಲೆ ಜೋರು ಹಿಡಿದದ್ದು ಅವರ ಕಾಲದಲ್ಲಿ.

ದುಡ್ಡು ಎಲ್ಲಿಂದ ಅಂತ ಯಾರೂ ಕೇಳುವುದಿಲ್ಲ, ಕೇಳಬೇಕು. ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ ಒಂದು ರೂಪಾಯಿ ಸೆಸ್ ಹಾಕಿದರು. 2000ನೇ ಇಸವಿಯಲ್ಲಿ ಕೇಂದ್ರ ರಸ್ತೆ ನಿಧಿ ಕಾಯ್ದೆ ತಂದು ಆ ದುಡ್ಡು ರಸ್ತೆಗೇ ಹೋಗಬೇಕು ಅಂತ ಕಟ್ಟು ಹಾಕಿದರು. ವರ್ಷವರ್ಷವೂ ಬಜೆಟ್ಟಿನ ಮುಂದೆ ಕೈ ಚಾಚುವ ಬದಲು ಖಾತ್ರಿ ಆದಾಯ. ಅದನ್ನು ತೋರಿಸಿ ಸಾಲವೂ ಎತ್ತಬಹುದು. ಆಗ ಡೀಸೆಲ್ ಸೆಸ್‌ನ ಅರ್ಧ ಹಳ್ಳಿ ರಸ್ತೆಗೆ ಹೋಗುತ್ತಿತ್ತು.

ಆ ಹಳ್ಳಿ ರಸ್ತೆಯ ಯೋಜನೆ ಬೇರೆ ಖಾತೆಯದ್ದು, ಖಂಡೂರಿಯವರದ್ದಲ್ಲ. ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಐನೂರು ಜನ ಇರುವ ಊರಿಗೆ ರಸ್ತೆ ಅನ್ನುವುದು ಅದರ ಲೆಕ್ಕ, ಗುಡ್ಡಗಾಡು ರಾಜ್ಯಕ್ಕೆ ಇನ್ನೂರೈವತ್ತು. ಮಲೆನಾಡಿನಲ್ಲಿ ಊರು ಅಂದರೆ ಗುಡ್ಡದ ಈಚೆ ಎರಡು ಮನೆ, ಗದ್ದೆ ದಾಟಿ ಮೂರು ಮನೆ, ಹಳ್ಳದ ಆಚೆ ಒಂದು. ದೆಹಲಿಯಲ್ಲಿ ಕೂತು ಹಾಕಿದ ಅಳತೆಗೆ ನಮ್ಮೂರು ಸಿಕ್ಕುವುದೇ ಇಲ್ಲ.

ಸುವರ್ಣ ಚತುಷ್ಪಥ ಶಿವಮೊಗ್ಗಕ್ಕೆ ಬಂತಾ?

ಬರಲಿಲ್ಲ. ಬೆಂಗಳೂರು, ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ ಹೀಗೆ ಬಯಲಿನಲ್ಲೇ ಹೋಯಿತು. ನಾವು ಹೊನ್ನಾಳಿ, ಹರಿಹರದ ದಾರಿ ಹಿಡಿದು ಅಥವಾ ಹೊಳಲ್ಕೆರೆ ಮೇಲೆ ಹೋಗಿ ಅದನ್ನು ಮುಟ್ಟಬೇಕು. ತುಮಕೂರಿನಿಂದ ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ಆಗಿ ಹೊನ್ನಾವರಕ್ಕೆ ಇಳಿಯುವ ನಮ್ಮ ಹೆದ್ದಾರಿಗೆ ಆಗ 206 ಅನ್ನುವ ನಂಬರ್ ಇತ್ತು. ನಂಬರ್ ಇತ್ತು, ಅಗಲ ಇರಲಿಲ್ಲ. ಬಿ.ಎಚ್. ರೋಡ್ ಅಂದರೆ ಬೆಂಗಳೂರು–ಹೊನ್ನಾವರ ರೋಡ್ ಅನ್ನುವುದೇ ಈಗಿನ ಮಕ್ಕಳಿಗೆ ಗೊತ್ತಿಲ್ಲ.

ಹಾಗಂತ ಲಾಭ ಆಗಲೇ ಇಲ್ಲ ಅನ್ನುವಂತಿಲ್ಲ. ಹರಿಹರದಿಂದ ಮುಂದೆ ಹುಬ್ಬಳ್ಳಿಗೆ ಹೋಗುವಾಗ ಲಾರಿ ಹಿಂದೆ ಲಾರಿ ನಿಂತು ಬೆವರಿದ್ದು ನನಗೆ ನೆನಪಿದೆ. ನಾಲ್ಕು ಪಥ ಆದ ಮೇಲೆ ಆ ಪ್ರಯಾಣವೇ ಬೇರೆ. ನಮ್ಮ ಪಾಲಿನ ಸಂಭ್ರಮ ತಡವಾಗಿ ಬಂತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ, ಲಾಂಚ್ ಕಾದು ಕಾದು ಅರ್ಧ ಆಯುಷ್ಯ ಕಳೆದ ಶರಾವತಿ ಹಿನ್ನೀರಿನ ಜನಕ್ಕೆ ಎರಡೂವರೆ ಕಿಲೋಮೀಟರಿನ ಬೆಲೆ ಗೊತ್ತಿತ್ತು.

ಹೇಳಿದ ದಿನಕ್ಕೆ ಮುಗಿಸಿದರಾ?

ಇಲ್ಲ. ಇಟ್ಟುಕೊಂಡ ಗಡುವು 2003ರ ಕೊನೆ. ಅವರು ಕುರ್ಚಿ ಬಿಟ್ಟಾಗ ಕೆಲಸ ದೊಡ್ಡ ಪಾಲು ಆಗಿತ್ತು, ಪೂರ್ತಿ ಆಗಿರಲಿಲ್ಲ. ಸರ್ಕಾರ ಪೂರ್ಣ ಅಂತ ಹೇಳಿದ್ದು 2012ರ ಜನವರಿಯಲ್ಲಿ. ಭೂಸ್ವಾಧೀನ, ಕೋರ್ಟು, ಕಂತ್ರಾಟುದಾರರ ಜಗಳ, ಕಾನೂನು–ಸುವ್ಯವಸ್ಥೆ ಹೀಗೆ ಕಾರಣ ನೂರು. ಸೇನೆಯಲ್ಲಿ ಆಜ್ಞೆ ಕೊಟ್ಟರೆ ಸೇತುವೆ ಬೆಳಗಿನೊಳಗೆ ಏಳುತ್ತದೆ. ಇಲ್ಲಿ ತೆಂಗಿನ ತೋಟದ ಮಾಲೀಕನನ್ನು ಒಪ್ಪಿಸಬೇಕು. ತೋಟ ಕೊಡುವ ನೋವು ಏನು ಅಂತ ಅಡಿಕೆ ಬೆಳೆಯುವ ನಮಗೆ ಬೇರೆಯವರು ಹೇಳಬೇಕಿಲ್ಲ.

ಆ ಕಾಲದಲ್ಲೇ ಒಬ್ಬ ಎಂಜಿನಿಯರ್ ಕೊಲೆ ಆಯಿತಲ್ಲ, ಅದರ ಬಗ್ಗೆ ಯಾಕೆ ಹೇಳುವುದಿಲ್ಲ?

ಹೇಳಲೇಬೇಕು. ಸತ್ಯೇಂದ್ರ ದುಬೆ. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್. ಬಿಹಾರ, ಜಾರ್ಖಂಡ್ ಭಾಗದ ಕಾಮಗಾರಿಯಲ್ಲಿ ನಡೆಯುತ್ತಿದ್ದ ಅಕ್ರಮದ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದರು. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಖಾತೆಗೆ, ಅಲ್ಲಿಂದ ಪ್ರಾಧಿಕಾರಕ್ಕೆ ಓಡಾಡಿತು. 2003ರ ನವೆಂಬರ್ 27ರ ಬೆಳಗಿನ ಜಾವ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ದರೋಡೆಗೆ ಬಂದವರ ಕೃತ್ಯ ಅಂತ ಸಿಬಿಐ ಹೇಳಿತು. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಅಕ್ರಮ ಬಯಲಿಗೆಳೆಯುವವರಿಗೆ ರಕ್ಷಣೆ ಕೊಡುವ ಕಾನೂನು ಬೇಕು ಅನ್ನುವ ಕೂಗು ಎದ್ದದ್ದೇ ಈ ಸಾವಿನಿಂದ.

ಆಗ ರಸ್ತೆ ಮಂತ್ರಿ ಖಂಡೂರಿಯೇ. ಅವರ ಕೈ ಶುದ್ಧ ಅನ್ನುವುದರ ಬಗ್ಗೆ ವಿರೋಧಿಗಳೂ ತಕರಾರು ತೆಗೆಯುತ್ತಿರಲಿಲ್ಲ. ಆದರೆ ಮೇಲೆ ಕೂತವನ ಕೈ ಶುದ್ಧ ಇದ್ದರೆ ಕೆಳಗಿನ ಫೈಲು ತಾನಾಗಿ ಶುದ್ಧ ಆಗುವುದಿಲ್ಲ. ಅವರನ್ನು ಬರೀ ಹೊಗಳುವವರು ಈ ಪುಟವನ್ನು ಹಾರಿಸಿ ಓದುತ್ತಾರೆ. ನನ್ನ ತರಗತಿಯಲ್ಲಿ ಹಾರಿಸಲು ಬಿಡುವುದಿಲ್ಲ.

ಮುಖ್ಯಮಂತ್ರಿ ಆಗಿದ್ದು ಹೇಗೆ? ಒಬ್ಬ ಜನರಲ್ ಇನ್ನೊಬ್ಬ ಜನರಲ್‌ಗೆ ಸೀಟು ಬಿಟ್ಟುಕೊಟ್ಟದ್ದು ನಿಜವಾ?

ನಿಜ. ನನಗೆ ಈ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದೇ.

2007ರ ಚುನಾವಣೆಯಲ್ಲಿ ಬಿಜೆಪಿ ದೊಡ್ಡ ಪಕ್ಷವಾಯಿತು, ಬಹುಮತ ಬರಲಿಲ್ಲ. ಉತ್ತರಾಖಂಡ ಕ್ರಾಂತಿ ದಳ ಮತ್ತು ಪಕ್ಷೇತರರನ್ನು ಸೇರಿಸಿಕೊಂಡು ಸರ್ಕಾರ ಮಾಡಿದರು. ಖಂಡೂರಿ ಆಗ ಲೋಕಸಭಾ ಸದಸ್ಯರು, ಶಾಸಕರಲ್ಲ. ಶಾಸಕರಲ್ಲದವರು ಮಂತ್ರಿಯಾದರೆ ಆರು ತಿಂಗಳೊಳಗೆ ಆರಿಸಿ ಬರಬೇಕು. ಇದು 164ನೇ ವಿಧಿ, ಪರೀಕ್ಷೆಯಲ್ಲಿ ಖಂಡಿತ ಕೇಳುವಂಥದ್ದು. ಕೇಂದ್ರದ ಮಂತ್ರಿಗಳಿಗೆ ಅದೇ ನಿಯಮ 75ರಲ್ಲಿದೆ.

ಸೀಟು ಖಾಲಿ ಮಾಡಿಕೊಟ್ಟವರು ಯಾರು? ಧುಮಾಕೋಟ್‌ನ ಕಾಂಗ್ರೆಸ್ ಶಾಸಕ ತೇಜಪಾಲ್ ಸಿಂಗ್ ರಾವತ್. ಅವರು ನಿವೃತ್ತ ಲೆಫ್ಟಿನೆಂಟ್ ಜನರಲ್. ಅಂದರೆ ಸೇನೆಯ ಲೆಕ್ಕದಲ್ಲಿ ಖಂಡೂರಿಗಿಂತ ಒಂದು ಮೆಟ್ಟಿಲು ಮೇಲೆ. ವಿರೋಧ ಪಕ್ಷದವರು, ಮೇಲಿನ ಹುದ್ದೆಯವರು, ರಾಜೀನಾಮೆ ಕೊಟ್ಟರು. ಖಂಡೂರಿ ಅಲ್ಲಿಂದ ಗೆದ್ದರು. ರಾವತ್ ಬಿಜೆಪಿ ಸೇರಿ, ಖಂಡೂರಿ ತೆರವು ಮಾಡಿದ ಗಢವಾಲ ಲೋಕಸಭೆಗೆ ಉಪಚುನಾವಣೆಯಲ್ಲಿ ನಿಂತು ಗೆದ್ದರು. ಇದನ್ನು ಸೇನೆಯ ಸ್ನೇಹ ಅನ್ನಬೇಕೋ, ಸೀಟಿಗೆ ಸೀಟು ಅನ್ನಬೇಕೋ? ತರಗತಿಯಲ್ಲಿ ಇವತ್ತಿಗೂ ಇದು ಇತ್ಯರ್ಥ ಆಗಿಲ್ಲ. ಹೋದ ಪುಟ್ಟ ಬಂದ ಪುಟ್ಟ ಅಂತ ಹಿಂದಿನ ಬೆಂಚಿನ ಹುಡುಗಿ ಹೇಳಿದಾಗ ನಾನೂ ನಕ್ಕೆ.

ಅಷ್ಟು ಒಳ್ಳೆಯ ಹೆಸರಿದ್ದವರನ್ನು ಎರಡೇ ವರ್ಷಕ್ಕೆ ಯಾಕೆ ಇಳಿಸಿದರು?

2009ರ ಲೋಕಸಭೆ ಚುನಾವಣೆಯಲ್ಲಿ ಉತ್ತರಾಖಂಡದ ಐದಕ್ಕೆ ಐದೂ ಸೀಟು ಬಿಜೆಪಿ ಸೋತಿತು. ಆ ಹೊಣೆ ಅವರ ತಲೆಗೆ ಬಂತು, ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು.

ಬೇರು ಅದಕ್ಕಿಂತ ಹಳೆಯದು. ಖಂಡೂರಿಯವರ ಮಾತು ಕಡ್ಡಿ ಮುರಿದ ಹಾಗೆ. ಆಗಲ್ಲ ಅಂದರೆ ಆಗಲ್ಲ. ವರ್ಗಾವಣೆಗೆ ಶಿಫಾರಸು ಪತ್ರ ಹಿಡಿದು ಬಂದ ಶಾಸಕನಿಗೆ ಈ ಮಾತು ರುಚಿಸುತ್ತದಾ? ಸ್ವಂತ ಪಕ್ಷದವರೇ ದೆಹಲಿಗೆ ದೂರು ಒಯ್ದರು. ರಸ್ತೆ ಖಾತೆಯಲ್ಲಿ ಇದೇ ಗುಣಕ್ಕೆ ಹೊಗಳಿಕೆ ಬಂದಿತ್ತು. ಅಲ್ಲಿ ಅವರು ಕೆಲಸ ತೆಗೆಯಬೇಕಿದ್ದದ್ದು ಎಂಜಿನಿಯರು, ಕಂತ್ರಾಟುದಾರರಿಂದ. ಇಲ್ಲಿ ಎದುರಿಗೆ ಇದ್ದದ್ದು ಶಾಸಕರು. ಕಂತ್ರಾಟುದಾರನಿಗೆ ನೋಟಿಸ್ ಕೊಡಬಹುದು, ಶಾಸಕನಿಗೆ ಕೊಡುವುದು ಹೇಗೆ? ಅದೂ ಬಹುಮತಕ್ಕೆ ಒಂದೊಂದೇ ತಲೆ ಎಣಿಸುವ ಸರ್ಕಾರದಲ್ಲಿ.

ಮನುಷ್ಯ ಬದಲಾಗಲಿಲ್ಲ, ಕುರ್ಚಿ ಬದಲಾಯಿತು. ನನ್ನ ಪ್ರಕಾರ ಖಂಡೂರಿ ಬದುಕಿನ ಏರಿಳಿತಕ್ಕೆಲ್ಲ ಇದೇ ಕಾರಣ. ಒಪ್ಪದವರೂ ಇದ್ದಾರೆ. ಮುಖ್ಯಮಂತ್ರಿಯಾದವನು ಜನರ ಜೊತೆ ಬೆರೆಯುವುದನ್ನು ಕಲಿಯಬೇಕಿತ್ತು, ಕಲಿಯದ್ದು ಅವರದೇ ತಪ್ಪು ಅನ್ನುತ್ತಾರೆ ನಮ್ಮ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು. ಅವರ ಮಾತಲ್ಲೂ ಹುರುಳಿದೆ.

ಮತ್ತೆ ಯಾಕೆ ಕರೆದರು?

ಚುನಾವಣೆ ಹತ್ತಿರ ಬಂತು, ಸರ್ಕಾರದ ಮೇಲೆ ಭ್ರಷ್ಟಾಚಾರದ ಆರೋಪ ಜಾಸ್ತಿಯಾಯಿತು. 2011ರ ಸೆಪ್ಟೆಂಬರ್‌ನಲ್ಲಿ ಮತ್ತೆ ಖಂಡೂರಿ. ಕೈಯಲ್ಲಿ ಇದ್ದದ್ದು ಆರೇ ತಿಂಗಳು. ಅದರಲ್ಲೇ ಎರಡು ಕಾಯ್ದೆ ಮಾಡಿಸಿದರು.

ಒಂದು ಲೋಕಾಯುಕ್ತ. ನವೆಂಬರ್ 1ರಂದು ವಿಧಾನಸಭೆ ಒಪ್ಪಿತು. ಮುಖ್ಯಮಂತ್ರಿಯನ್ನೂ ಅದರ ವ್ಯಾಪ್ತಿಗೆ ತಂದರು. ಅಣ್ಣಾ ಹಜಾರೆ ಚಳವಳಿಯವರು ಮೆಚ್ಚಿಕೊಂಡರು. ಇದೇನು ದೊಡ್ಡ ವಿಷಯ, ನಮ್ಮಲ್ಲಿ 1984ರಲ್ಲೇ ಕಾಯ್ದೆ ಬಂತಲ್ಲ ಅಂತ ನೀವು ಕೇಳಬಹುದು. ಸರಿಯೇ. ಅದೇ 2011ರ ಜುಲೈನಲ್ಲಿ ಕರ್ನಾಟಕ ಲೋಕಾಯುಕ್ತದ ಗಣಿ ವರದಿ ಬಂದು, ನಮ್ಮದೇ ಜಿಲ್ಲೆಯವರಾದ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಿದ್ದರು. ಲೋಕಾಯುಕ್ತ ಅಂದರೆ ಏನು ಅಂತ ಆ ವರ್ಷ ಶಿವಮೊಗ್ಗದಲ್ಲಿ ಚಹಾ ಅಂಗಡಿಯವನಿಗೂ ಗೊತ್ತಿತ್ತು. ಉತ್ತರಾಖಂಡದ ಕಾಯ್ದೆ ಮಾತ್ರ ಖಂಡೂರಿ ಬಯಸಿದ ರೂಪದಲ್ಲಿ ಜಾರಿಯಾಗಲಿಲ್ಲ. 2014ರಲ್ಲಿ ಮುಂದಿನ ಸರ್ಕಾರ ಬೇರೆ ಕಾಯ್ದೆ ತಂದಿತು.

ಇನ್ನೊಂದು ವರ್ಗಾವಣೆ ಕಾಯ್ದೆ. ಗುಡ್ಡದ ಶಾಲೆಗೆ ಹೋಗಲು ಮೇಷ್ಟ್ರುಗಳು ಒಪ್ಪುವುದಿಲ್ಲ. ಅಲ್ಲಿ ಊರುಗಳನ್ನು ಸುಗಮ, ದುರ್ಗಮ ಅಂತ ಎರಡು ಮಾಡಿದ್ದಾರೆ. ನಮ್ಮಲ್ಲಿ ಎ, ಬಿ, ಸಿ ವಲಯ ಇದ್ದ ಹಾಗೆ. ಹೊಸನಗರದ ಒಳಗಿನ ಸಿ ವಲಯದ ಶಾಲೆಯಲ್ಲಿ ಮಳೆಗಾಲ ಕಳೆದ ಮೇಷ್ಟ್ರಿಗೆ ದುರ್ಗಮ ಅನ್ನುವ ಶಬ್ದಕ್ಕೆ ಅರ್ಥ ಹೇಳಬೇಕಾ?

2012ರಲ್ಲಿ ಏನಾಯಿತು?

ಖಂಡೂರಿ ಹೆಸರಿನ ಮೇಲೇ ಬಿಜೆಪಿ ಮತ ಕೇಳಿತು. ‘ಖಂಡೂರಿ ಹೈ ಜರೂರಿ’, ಅಂದರೆ ಖಂಡೂರಿ ಬೇಕೇ ಬೇಕು ಅನ್ನುವ ಘೋಷಣೆ. ಎಪ್ಪತ್ತು ಸೀಟಿನಲ್ಲಿ ಕಾಂಗ್ರೆಸ್ಸಿಗೆ 32, ಬಿಜೆಪಿಗೆ 31. ಒಂದೇ ಸೀಟಿನ ಅಂತರ.

ಕೋಟ್‌ದ್ವಾರದಲ್ಲಿ ಖುದ್ದು ಖಂಡೂರಿಯೇ ಸೋತಿದ್ದರು, ನಾಲ್ಕೂವರೆ ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಮತದಿಂದ. ಅವರು ಗೆದ್ದಿದ್ದರೆ ಲೆಕ್ಕ ತಿರುಗುಮುರುಗು ಆಗಿರುತ್ತಿತ್ತು. ಇಷ್ಟು ಸಣ್ಣ ಅಂತರದಲ್ಲಿ ಇಷ್ಟು ದೊಡ್ಡ ಸೋಲನ್ನು ನಾನು ಬೇರೆಲ್ಲೂ ಓದಿಲ್ಲ.

ಆಮೇಲೆ ಮನೆಯಲ್ಲಿ ಕೂತರಾ?

ಇಲ್ಲ. 2014ರಲ್ಲಿ ಮತ್ತೆ ಗಢವಾಲದಿಂದ ಲೋಕಸಭೆಗೆ ಗೆದ್ದರು. ವಯಸ್ಸು ಎಂಬತ್ತರ ಹತ್ತಿರ. ಮಂತ್ರಿ ಪದವಿ ಬರಲಿಲ್ಲ, ರಕ್ಷಣಾ ಸ್ಥಾಯಿ ಸಮಿತಿಯ ಅಧ್ಯಕ್ಷತೆ ಬಂತು.

2018ರ ಮಾರ್ಚ್‌ನಲ್ಲಿ ಆ ಸಮಿತಿಯ ವರದಿ ಸಂಸತ್ತಿಗೆ ಬಂತು. ಸೇನೆಯ ಉಪಮುಖ್ಯಸ್ಥರು ಸಮಿತಿಯ ಮುಂದೆ ಹೇಳಿದ ಲೆಕ್ಕ ಅದರಲ್ಲಿತ್ತು: ಸೇನೆಯ ಸಲಕರಣೆಯಲ್ಲಿ ನೂರಕ್ಕೆ 68 ಹಳೆಯ ಕಾಲದ್ದು, 24 ಇವತ್ತಿನದು, 8 ಮಾತ್ರ ಅತ್ಯಾಧುನಿಕ. ಅಧಿಕಾರದಲ್ಲಿ ಇದ್ದದ್ದು ಅವರದೇ ಪಕ್ಷ. ವರದಿಯನ್ನು ಮೆದು ಮಾಡುವ ಗೋಜಿಗೆ ಅವರು ಹೋಗಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷತೆ ಕಲ್‌ರಾಜ್ ಮಿಶ್ರಾ ಅವರಿಗೆ ಹೋಯಿತು. ವರದಿಗಾಗಿಯೇ ತೆಗೆದರು ಅಂತ ವಿರೋಧ ಪಕ್ಷದವರು ಹೇಳಿದರು.

ಹೀಗೆ ಮಂತ್ರಿಯಾದ ಸೈನಿಕರು ಬೇರೆ ಯಾರಿದ್ದಾರೆ?

ಮೇಜರ್ ಜಸ್ವಂತ್ ಸಿಂಗ್: ವಿದೇಶಾಂಗ, ಹಣಕಾಸು, ರಕ್ಷಣೆ ಮೂರನ್ನೂ ನೋಡಿದವರು. ಜನರಲ್ ವಿ.ಕೆ. ಸಿಂಗ್: ಸೇನಾ ಮುಖ್ಯಸ್ಥರಾಗಿದ್ದು ಆಮೇಲೆ ಕೇಂದ್ರದಲ್ಲಿ ರಾಜ್ಯ ಮಂತ್ರಿ. ಕರ್ನಲ್ ರಾಜ್ಯವರ್ಧನ್ ರಾಥೋಡ್: ಅಥೆನ್ಸ್ ಒಲಿಂಪಿಕ್ಸ್‌ನ ಬೆಳ್ಳಿ ಪದಕದವರು. ಮಿಜೋರಾಂನ ಬ್ರಿಗೇಡಿಯರ್ ಸೈಲೊ ಮತ್ತು ಪಂಜಾಬಿನ ಕ್ಯಾಪ್ಟನ್ ಅಮರಿಂದರ್ ಸಿಂಗ್ ಮುಖ್ಯಮಂತ್ರಿಗಳಾದವರು.

ನಮ್ಮ ಕಡೆ? ಕೊಡಗಿನ ಜನರಲ್ ಕಾರ್ಯಪ್ಪ 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ದೇಶದ ಮೊದಲ ಭಾರತೀಯ ಸೇನಾ ಮುಖ್ಯಸ್ಥ! 1971ರ ಯುದ್ಧ ಕಂಡ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಪಕ್ಷೇತರರಾಗಿ ನಿಂತು ಸೋತರು. ಗಢವಾಲದಲ್ಲಿ ಮನೆಗೊಬ್ಬ ಸೈನಿಕ ಇರುತ್ತಾನೆ, ಪಿಂಚಣಿದಾರರ ಮತವೇ ಒಂದು ಬಣ. ಗಢವಾಲ್ ರೈಫಲ್ಸ್‌ನ ಕೇಂದ್ರ ಲ್ಯಾನ್ಸ್‌ಡೌನ್ ಇರುವುದೂ ಅಲ್ಲೇ. ಮಲೆನಾಡಿನಲ್ಲಿ ಹಾಗಿಲ್ಲ. ಇಲ್ಲಿ ಮತ ಕೇಳಲು ಬಂದವನು ಮೊದಲು ಅಡಿಕೆ ಬೆಲೆ, ಬಗರ್ ಹುಕುಂ, ಶರಾವತಿ ಮುಳುಗಡೆ ಜಮೀನಿನ ಮಾತು ಆಡಬೇಕು.

ಕೊನೆಗೆ ಒಂದು ಸಣ್ಣ ಸಂಶಯ: ಖಂಡೂರಿಯೋ, ಖಂದೂರಿಯೋ?

ಡಕಾರ, ದೀರ್ಘ. ಖಂಡೂರಿ. ಹಿಂದಿಯಲ್ಲಿ ಕೆಲವರು ಖಂಡೂಡಿ ಅಂತಲೂ ಬರೆಯುತ್ತಾರೆ, ಗಢವಾಲದ ಉಚ್ಚಾರ ಅದಕ್ಕೇ ಹತ್ತಿರ. ಉತ್ತರ ಪತ್ರಿಕೆಯಲ್ಲಿ ಯಾವುದು ಬರೆದರೂ ಅಂಕ ಕಡಿಯಲಾರರು. ಅತಿ ವಿಶಿಷ್ಟದ ಗೆರೆ ಮಾತ್ರ ಎರಡು, ಮರೆಯಬೇಡಿ.